ಯಂತ್ರ ‘ಇಲ್ಲ’ ಎಂದಾಗ ಉತ್ತರ ಕೊಡುವವರು ಯಾರು?

ಚಿಕ್ಕಮಗಳೂರು ಜಿಲ್ಲಾ ಉಸ್ತುವಾರಿ ಸಚಿವರಿಗೆ,

ಮಾನ್ಯರೇ,

ಮೂಡಿಗೆರೆ ತಾಲ್ಲೂಕಿನ ಕಾಫಿ ಬೆಳೆಗಾರನಾದ ನಾನು ಕೃತಕ ಬುದ್ಧಿಮತ್ತೆಯ ವಿರೋಧಿಯಲ್ಲ. ಕೆಲವು ಕೆಲಸಗಳಿಗೆ ಅದು ನಮ್ಮಲ್ಲಿಗೆ ಬೇಗ ಬರಲಿ ಎನ್ನುವವನು. ಕೊಯಮತ್ತೂರಿನ ಬಳಿ ಮದುಕ್ಕರೈ ಅರಣ್ಯದ ರೈಲು ಹಳಿಗಳ ಪಕ್ಕದಲ್ಲಿ ತಮಿಳುನಾಡು ಅರಣ್ಯ ಇಲಾಖೆ 2024ರ ಫೆಬ್ರುವರಿಯಲ್ಲಿ 12 ಗೋಪುರಗಳ ಮೇಲೆ ಕ್ಯಾಮೆರಾ ಅಳವಡಿಸಿತು. ಆನೆ ಹಳಿಯತ್ತ ಬರುತ್ತಿರುವುದನ್ನು ತಂತ್ರಾಂಶವೇ ಗುರುತಿಸಿ ಅರಣ್ಯ ಸಿಬ್ಬಂದಿಗೂ ರೈಲ್ವೆಗೂ ಸುದ್ದಿ ಮುಟ್ಟಿಸುತ್ತದೆ. ಶಾಖ ಗ್ರಹಿಸುವ ಕ್ಯಾಮೆರಾಗಳೂ ಇರುವುದರಿಂದ ಕತ್ತಲು ಅಡ್ಡಿಯಾಗದು. ನಮ್ಮ ತೋಟಗಳಿಗೆ ಬೆಳಗಿನ ಮಂಜಿನಲ್ಲಿ ಕೆಲಸಕ್ಕೆ ಬರುವವರಿಗೆ ಹತ್ತು ಮಾರು ದೂರದಲ್ಲಿ ನಿಂತ ಆನೆಯೂ ಕಾಣುವುದಿಲ್ಲ. ಅಂಥ ಕ್ಯಾಮೆರಾ ಇಲ್ಲಿಯೂ ಆನೆ ದಾಟುವ ಕಡೆಗಳಲ್ಲಿದ್ದು, ಒಮ್ಮೊಮ್ಮೆ ಕಾಡುಕೋಣವನ್ನೇ ಆನೆಯೆಂದು ಬಗೆದರೂ ಹೋಗುವುದು ಅರ್ಧ ಗಂಟೆಯ ಕೆಲಸವಷ್ಟೆ. (ಕ್ಯಾಮೆರಾ ಬಂತೆಂದು ಆನೆ ಕಾರ್ಯಪಡೆಯ ಕಾವಲುಗಾರರನ್ನು ಮಾತ್ರ ಕಡಿಮೆ ಮಾಡಬೇಡಿ, ಬರುವ ಆನೆಯನ್ನು ಅದು ಗುರುತಿಸದೆ ಹೋಗುವ ದಿನವೂ ಇದ್ದೇ ಇರುತ್ತದೆ.)

ಚಿತ್ರ ನೋಡಿ ಗುರುತಿಸುವ ಇದೇ ವಿದ್ಯೆ ಅಂಗನವಾಡಿಗೆ ಬಂದಾಗ ತಪ್ಪಿನ ಬೆಲೆ ಬೇರೆಯಾಗುತ್ತದೆ. ಪುಟ್ಟ ಮಕ್ಕಳ ಪಾಲಿನ ಪೌಷ್ಟಿಕ ಆಹಾರವನ್ನು ಮನೆಗೆ ಒಯ್ಯಬೇಕಾದರೆ ಕೇಂದ್ರ ಸರ್ಕಾರದ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಒಯ್ಯುವವರ ಮುಖ ದಾಖಲೆಯ ಫೋಟೊಗೆ ಹೊಂದಿಕೆಯಾಗಬೇಕೆಂಬ ನಿಯಮ 2025ರ ಜುಲೈ 1ರಿಂದ ಕಡ್ಡಾಯವಾಯಿತು. ಮಳೆಗಾಲದಲ್ಲಿ ಇದು ನಮ್ಮ ಕಡೆ ಹೇಗೆ ನಡೆಯುತ್ತದೆಂಬುದನ್ನು ತಾವೊಮ್ಮೆ ನೋಡಬೇಕು. ತೋಟದ ಕಾರ್ಮಿಕರ ಲೈನ್ ಮನೆಯಿಂದ ತಾಯಿ ಮಗುವನ್ನು ಎತ್ತಿಕೊಂಡು ಬಂದು ನಿಂತಿರುತ್ತಾಳೆ. ಆಧಾರ್‌ನಲ್ಲಿರುವುದು ಮದುವೆಗೆ ಮುಂಚಿನ ಫೋಟೊ. ಬಾಣಂತನದ ನಂತರ ಮುಖ ಬಡವಾಗಿದೆ. ಕರೆಂಟು ಹೋದ ಕೋಣೆಯಲ್ಲಿ ಕಾರ್ಯಕರ್ತೆ ಅವಳನ್ನು ಕಿಟಕಿಯ ಹತ್ತಿರ ನಿಲ್ಲಿಸಿ, ಕಣ್ಣು ಮಿಟುಕಿಸಲು ಹೇಳಿ, ಆಗದಿದ್ದಾಗ ಜಗಲಿಗೆ ಕರೆತಂದು ಮತ್ತೆ ಫೋನು ಹಿಡಿಯುತ್ತಾರೆ. ಒಟಿಪಿ ಹೋಗುವುದು ಗಂಡನ ಮೊಬೈಲಿಗೆ, ಅವನು ನೆಟ್‌ವರ್ಕ್ ಸಿಗದ ಯಾವುದೋ ತೋಟದಲ್ಲಿ ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ) ಮಾಡುತ್ತಿರುತ್ತಾನೆ. ಆ ಮಗುವಿನ ತೂಕವನ್ನು ತಿಂಗಳು ತಿಂಗಳೂ ನೋಡಿ ಬರೆದುಕೊಂಡವರು ಇದೇ ಕಾರ್ಯಕರ್ತೆ. ಆದರೂ ‘ಇವಳೇ ತಾಯಿ’ ಎಂಬ ಅವರ ಮಾತಿಗೆ ಬೆಲೆಯಿಲ್ಲ.

ಮೋಸ ತಡೆಯಲು ಇದು ಬೇಕು ಎಂಬ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಮೋಸ ಹುಡುಕಲು ಹೊರಟ ಲೆಕ್ಕಾಚಾರಕ್ಕೆ ಪ್ರಾಮಾಣಿಕರೇ ಸಿಕ್ಕಿಬಿದ್ದ ಉದಾಹರಣೆಗಳಿವೆ. ನೆದರ್‌ಲ್ಯಾಂಡ್ಸ್‌ನಲ್ಲಿ ಮಕ್ಕಳ ಪಾಲನೆಯ ನೆರವು ಪಡೆದ ಸಾವಿರಾರು ಕುಟುಂಬಗಳನ್ನು ವಂಚಕರೆಂದು ತಪ್ಪಾಗಿ ಗುರುತಿಸಲಾಗಿತ್ತು. ಆ ಹಗರಣದಿಂದ 2021ರ ಜನವರಿಯಲ್ಲಿ ಅಲ್ಲಿನ ಸರ್ಕಾರವೇ ರಾಜೀನಾಮೆ ನೀಡಿತು. ಪಕ್ಕದ ತೆಲಂಗಾಣದಲ್ಲಿ ಗಣಕಯಂತ್ರದ ಲೆಕ್ಕದ ಮೇಲೆ ರದ್ದಾದ ಪಡಿತರ ಚೀಟಿಗಳನ್ನು ಸ್ಥಳಕ್ಕೆ ಹೋಗಿ ಮರುಪರಿಶೀಲಿಸುವಂತೆ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಲೈನ್ ಮನೆಯವರು ಸುಪ್ರೀಂ ಕೋರ್ಟಿಗೆ ಹೋಗುವವರಲ್ಲ.

ಮುಖ ಗುರುತಿನ ನಿಯಮ ದೆಹಲಿಯದು, ಅದನ್ನು ಬದಲಿಸುವುದು ತಮ್ಮ ಕೈಯಲ್ಲಿಲ್ಲವೆಂಬುದು ತಿಳಿದಿದೆ. ಆದರೆ ಸಕಾಲ ನಮ್ಮ ರಾಜ್ಯದ್ದೇ ಕಾನೂನು. 2011ರ ಆ ಅಧಿನಿಯಮದ ಪ್ರಕಾರ ಅರ್ಜಿಗೆ ಒಂದು ಸಂಖ್ಯೆಯಿದೆ, ಗಡುವಿದೆ, ತಿರಸ್ಕರಿಸಿದರೆ ಮೇಲ್ಮನವಿಯಿದೆ, ವಿಳಂಬವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರವೂ ಇದೆ. ಯಂತ್ರ ಹೇಳಿದ ‘ಇಲ್ಲ’ವನ್ನೂ ತಿರಸ್ಕಾರವೆಂದೇ ಪರಿಗಣಿಸಿ ಸಕಾಲದ ವ್ಯಾಪ್ತಿಗೆ ತರುವಂತೆ ಸಚಿವ ಸಂಪುಟದಲ್ಲಿ ತಾವು ಒತ್ತಾಯಿಸಬೇಕು. ಆಗ ಕಾರಣ ಕನ್ನಡದಲ್ಲಿ ಬರಹಕ್ಕೆ ಇಳಿಯುತ್ತದೆ, ಅದರ ಕೆಳಗೆ ಒಬ್ಬ ಅಧಿಕಾರಿಯ ಸಹಿ ಇರುತ್ತದೆ.

ಅಲ್ಲಿಯವರೆಗೆ, ಮುಖ ಹೊಂದದ ದಿನ ಕಾರ್ಯಕರ್ತೆಯ ದೃಢೀಕರಣ ಮತ್ತು ರಿಜಿಸ್ಟರಿನ ಸಹಿಯ ಮೇಲೆ ಆಹಾರ ಕೊಡಲು ಏನು ಏರ್ಪಾಟು ಸಾಧ್ಯವೆಂಬುದನ್ನು ಮುಂದಿನ ಕೆಡಿಪಿ (ಜಿಲ್ಲಾ ಪ್ರಗತಿ ಪರಿಶೀಲನಾ) ಸಭೆಯಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯವರನ್ನು ಕೇಳಿ. ಎಷ್ಟು ಮಂದಿ ಬರಿಗೈಯಲ್ಲಿ ಮರಳಿದರೆಂಬ ಪಟ್ಟಿಯನ್ನೂ ತಾಲ್ಲೂಕುವಾರು ತರಿಸಿ, ಸಭೆಯ ನಡಾವಳಿಯಲ್ಲಿ ದಾಖಲಿಸಬೇಕೆಂದು ಕೋರುತ್ತೇನೆ.

ತಮ್ಮ ವಿಶ್ವಾಸಿ,
ಒಬ್ಬ ಕಾಫಿ ಬೆಳೆಗಾರ
ಮೂಡಿಗೆರೆ ತಾಲ್ಲೂಕು