ತೇಡೆಯ ಬಾಯಲ್ಲಿದ್ದ ಮೊಟ್ಟೆ

ಪ್ರೀತಿಯ ಅಳಿಯನಿಗೆ,

ನಿನ್ನ ಕಾಗದ ಸೋಮವಾರ ತಲುಪಿತು. ಬೋಟಿನ ಸಾಲ, ಡೀಸೆಲ್ ದರ, ನಿಮ್ಮಮ್ಮನ ಮೊಣಕಾಲು ನೋವು, ಇವೆಲ್ಲ ಮನೆಯಲ್ಲಿ ದಿನಾ ಆಡುವ ಮಾತೇ. ಅದಕ್ಕೆ ಉತ್ತರ ಬರೆಯಲು ಕೂತಿಲ್ಲ. ಕೊನೆಯಲ್ಲಿ ಎರಡು ಸಾಲು ಬರೆದಿದ್ದೀಯಲ್ಲ: "ಎಂಟು ದಿನ ಹೋಗಿ ತಂದದ್ದೆಲ್ಲ ಬೆರಳುದ್ದದ ಬಂಗುಡೆ ಮರಿ, ಫಿಶ್‌ಮೀಲ್ ಕಾರ್ಖಾನೆಗೆ ಪುಡಿ ಮಾಡಲು ತೂಗಿ ಕೊಟ್ಟೆವು. ಕಡಲು ಮತ್ತೆ ತುಂಬುತ್ತದಾ ಮಾವ?" ಅದನ್ನು ಓದಿದ ಮೇಲೆ ಮೂರು ರಾತ್ರಿ ಸರಿಯಾಗಿ ನಿದ್ದೆ ಹತ್ತಿಲ್ಲ.

ತುಂಬುತ್ತದೆ ಮಗಾ ಎಂದು ಹೇಳಿಬಿಡಬಹುದಿತ್ತು. ನನ್ನ ಮಾವ ನನಗೆ ಹಾಗೇ ಹೇಳುತ್ತಿದ್ದರು. ಅವರು ರಂಪಣಿ, ಅಂದರೆ ದಡದಿಂದಲೇ ಎಳೆಯುವ ದೊಡ್ಡ ಬಲೆ, ಎಳೆದವರು. ಬಂಗುಡೆಯ ಹಿಂಡು ದಡದ ಹತ್ತಿರ ಬಂದು ನೀರು ಕಪ್ಪಾದರೆ ಊರಿಗೆ ಊರೇ ಹಗ್ಗ ಹಿಡಿಯುತ್ತಿತ್ತು, ಪಾಲು ಮರಳಿನ ಮೇಲೆಯೇ ಆಗುತ್ತಿತ್ತು. ಮೀನು ಬಂದರೆ ಉಂಟು, ಬಾರದಿದ್ದರೆ ಇಲ್ಲ. ಎಪ್ಪತ್ತರ ದಶಕದ ಕೊನೆಗೆ ಪರ್ಸೀನ್ ಬೋಟುಗಳು ಬಂದವು. ಮೀನಿಗೆ ಕಾಯುವುದು ಬೇಡ, ಇದ್ದಲ್ಲಿಗೇ ಹೋಗಿ ಹಿಂಡಿನ ಸುತ್ತ ಬಲೆ ಹಾಕಿದರಾಯಿತು. ಕೆಲವೇ ವರ್ಷಗಳಲ್ಲಿ ರಂಪಣಿ ಬಲೆಗಳು ಚಪ್ಪರದಲ್ಲೇ ಕೊಳೆತವು. ಮಾವನ ಬಲೆಯೂ. ನಾನು ಪರ್ಸೀನ್ ಹತ್ತಿದೆ. ಎರಡು ತಿಂಗಳು ಅವರು ನನ್ನೊಡನೆ ಮಾತಾಡಲಿಲ್ಲ.

ನಿನಗೆ ಇದುವರೆಗೆ ಹೇಳದ್ದೊಂದು ಇದೆ. ಮಳೆಗಾಲ ಮುಗಿದು ಬೋಟು ಇಳಿಸಿದ ಹೊಸತು, ನಮಗೆ ತೇಡೆಯ, ಅದೇ ಮೀಸೆ ಇರುವ ಕಡಲ ಮೀನಿನ, ದೊಡ್ಡ ಹಿಂಡು ಸಿಕ್ಕಿತು. ಬಲೆ ಎತ್ತಿ ಸುರಿದಾಗ ಬೋಟಿನ ತುಂಬ ಹಳದಿ ಗೋಲಿಗಳು ಉರುಳಾಡಿದವು. ಮೊಟ್ಟೆ! ಗಂಡು ತೇಡೆ ಮೊಟ್ಟೆಗಳನ್ನು ಬಾಯಲ್ಲೇ ಇಟ್ಟು ಕಾಯುತ್ತದೆ, ಮರಿಯಾಗುವವರೆಗೆ ಉಪವಾಸ ಇರುತ್ತದೆ. ಬಲೆಯಲ್ಲಿ ಉಸಿರುಗಟ್ಟಿದಾಗ ಎಲ್ಲವನ್ನೂ ಉಗುಳಿಬಿಡುತ್ತದೆ. ಕಾಲಿಟ್ಟಲ್ಲಿ ಜಾರುತ್ತಿತ್ತು. ಕೆಲವು ಮೊಟ್ಟೆಗಳ ಒಳಗೆ ಮರಿಯ ಕಣ್ಣು ಎರಡು ಕಪ್ಪು ಚುಕ್ಕೆಯಾಗಿ ಕಾಣುತ್ತಿತ್ತು. ಬುಟ್ಟಿಯಲ್ಲಿ ಗೋರಿ ಗೋರಿ ಕಡಲಿಗೆ ಚೆಲ್ಲಿದೆವು, ಮೀನನ್ನು ಬಂದರಿನ ಧಕ್ಕೆಗೆ ತಂದು ಮಾರಿದೆವು. ನಿಮ್ಮಮ್ಮನ ಮದುವೆಯ ಕಿವಿಯೋಲೆ ಆ ಸಲದ ಪಾಲಿನದು.

ನಮ್ಮ ಕರಾವಳಿಯಲ್ಲಿ ಎಷ್ಟೋ ಬೋಟುಗಳು ಅದನ್ನೇ ಮಾಡಿದವು. ತೇಡೆ ಲಕ್ಷಗಟ್ಟಲೆ ಮೊಟ್ಟೆ ಇಡುವ ಜಾತಿಯಲ್ಲ, ಇಡುವುದೇ ಕೆಲವು ಡಜನ್. ಕಾಯುವ ಅಪ್ಪನನ್ನೇ ಎತ್ತಿದರೆ ಉಳಿಯುವುದೇನು? ಅಂಥ ಹಿಂಡನ್ನು ನಾನು ಮತ್ತೆ ನೋಡಲಿಲ್ಲ.

ಹಾಗಾಗಿ ನಿನ್ನ ಪ್ರಶ್ನೆಗೆ ಒಂದೇ ಮಾತಿನ ಉತ್ತರ ನನ್ನ ಹತ್ತಿರ ಇಲ್ಲ. ಬೂತಾಯಿಯ, ಅಂದರೆ ಮತ್ತಿ ಮೀನಿನ, ಕತೆ ಬೇರೆ. ಕೇರಳದಲ್ಲಿ 2012ರಲ್ಲಿ ನಾಲ್ಕು ಲಕ್ಷ ಟನ್ನಿನ ಹತ್ತಿರ ಬಂದಿದ್ದ ಬೂತಾಯಿ 2021ರಲ್ಲಿ ಮೂರೂವರೆ ಸಾವಿರ ಟನ್ನೂ ಇರಲಿಲ್ಲ. ಮರುವರ್ಷವೇ ಒಂದು ಲಕ್ಷ ದಾಟಿತು. ಅದು ಎರಡು ಎರಡೂವರೆ ವರ್ಷ ಬದುಕುವ ಮೀನು, ವರ್ಷದೊಳಗೆ ಮೊಟ್ಟೆಗೆ ಬರುತ್ತದೆ. ನೀರಿನ ಬಿಸಿ, ಮಳೆ ಸರಿಹೋದರೆ, ತಾಯಿಮೀನು ಸ್ವಲ್ಪ ಉಳಿದಿದ್ದರೆ ಎದ್ದು ಬರುತ್ತದೆ. ಅದನ್ನು ನೋಡಿ ಕಡಲಿಗೆ ಏನೂ ಆಗುವುದಿಲ್ಲ ಎಂದು ಧಕ್ಕೆಯಲ್ಲಿ ಹೇಳುವವರಿದ್ದಾರೆ. ನಾನೂ ಹೇಳಿದ್ದೇನೆ. ಆಗೆಲ್ಲ ತೇಡೆ ನೆನಪಾದರೂ ಬಾಯಿ ಬಿಡಲಿಲ್ಲ, ಅದೇ ಈಗ ಕೊರೆಯುವುದು.

ಬಂಗುಡೆ ಎದ್ದು ಬರುವ ಜಾತಿಯೇ. ಆದರೆ ಮರಿಯನ್ನೇ ತೂಗಿದರೆ ಮೊಟ್ಟೆ ಇಡುವುದು ಯಾವುದು? ಹದಿನಾಲ್ಕು ಸೆಂಟಿಮೀಟರಿಗಿಂತ ಸಣ್ಣದನ್ನು ಹಿಡಿಯಬೇಡಿ ಎನ್ನುತ್ತಾರೆ ಕೇಂದ್ರದ ಕಡಲ ಮೀನು ಸಂಶೋಧನಾ ಸಂಸ್ಥೆ ಸಿಎಂಎಫ್‌ಆರ್‌ಐಯವರು. ನಿನ್ನ ಬೆರಳುದ್ದ ಅದರ ಅರ್ಧವೂ ಆಗಲಿಕ್ಕಿಲ್ಲ.

ಬುದ್ಧಿ ಹೇಳುವ ಯೋಗ್ಯತೆ ನನಗೆಷ್ಟಿದೆಯೋ. ಆದರೂ, ಬಲೆಯ ಚೀಲ ಬದಲಿಸುವಾಗ 35 ಮಿಲಿಮೀಟರಿನ ಚೌಕ ಕಣ್ಣಿನದು ಹಾಕಿಸಲು ಪಾಲುದಾರರನ್ನು ಒಮ್ಮೆ ಕೇಳು. ಈಗಿನದು ಎಳೆಯುವಾಗ ಕಣ್ಣು ಮುಚ್ಚಿಕೊಳ್ಳುತ್ತದೆ, ಚೌಕದ್ದು ತೆರೆದೇ ಇರುತ್ತದೆ, ಮರಿಗೆ ನುಸುಳಲು ದಾರಿ ಸಿಗುತ್ತದೆ. ಒಪ್ಪದಿದ್ದರೆ ಜಗಳಕ್ಕೆ ನಿಲ್ಲಬೇಡ, ಕಂತು ಕಟ್ಟಬೇಕಾದವನು ನೀನು. ಲೈಟು ಹಾಕಿ ಹಿಡಿಯಲು ಕರೆದರೆ ಮಾತ್ರ ಹೋಗಬೇಡಪ್ಪ. 2017ರಿಂದ ಅದಕ್ಕೆ ನಿಷೇಧವಿದೆ, ಮತ್ತೆ ಆ ಬೆಳಕಿಗೆ ದೊಡ್ಡದು ಸಣ್ಣದು ಎಲ್ಲವೂ ಬರುತ್ತದೆ.

ಮರಿಯನ್ನು ತೂಗಿದ ರಾತ್ರಿ ನಿನಗೆ ನಿದ್ದೆ ಬರಲಿಲ್ಲ ಎಂದಿದ್ದೀಯಲ್ಲ. ಆ ಮೊಟ್ಟೆ ಚೆಲ್ಲಿದ ರಾತ್ರಿ ನಾನು ಚೆನ್ನಾಗಿ ಮಲಗಿದ್ದೆ.

ಜೂನ್, ಜುಲೈ ರಜೆ ಮುಗಿದು ಬೋಟು ಇಳಿದ ಮೇಲೆ, ಸೆಪ್ಟೆಂಬರಿನ ಹೊತ್ತಿಗೆ, ಬಲೆಗೆ ತೇಡೆ ಬಂದರೆ ಗಂಟಲಿನ ಕೆಳಗೆ ನೋಡು. ಉಬ್ಬಿದ್ದರೆ ಜೀವ ಇರುವಾಗಲೇ, ಬಾಯಿ ಮುಟ್ಟದೆ, ನೀರಿಗೆ ಬಿಟ್ಟುಬಿಡು. ದಡಕ್ಕೆ ಬಂದ ಕೂಡಲೇ ನನಗೊಂದು ಫೋನು ಮಾಡು, ಎಷ್ಟು ಹೊತ್ತಾಗಿದ್ದರೂ ಸರಿ.

ನಿನ್ನ ಮಾವ