ಬಚ್ಚಲಿನ ಬಾಟಲಿಗಳು, ಅಪ್ಪನ ಮಾತ್ರೆಗಳು

ಪ್ರೀತಿಯ ಗೆಳೆಯಾ,

ನಿನ್ನೆ ಫೋನಿನಲ್ಲಿ "ಅಪ್ಪನಿಗೆ ಮಾತ್ರೆ ನುಂಗೋಕಾಗ್ತಿಲ್ಲ, ಪುಡಿ ಮಾಡಿ ಜೇನುತುಪ್ಪದಲ್ಲಿ ನೆಕ್ಕಿಸ್ತಿದ್ದೀನಿ" ಅಂದೆಯಲ್ಲ, ಆಗಲೇ ಹೇಳಬೇಕಿತ್ತು. ಅಷ್ಟರಲ್ಲಿ ಅಪ್ಪ ಕರೆದರು, ನೀನು ಫೋನಿಟ್ಟೆ. ರಾತ್ರಿಯೆಲ್ಲ ಅದೇ ತಲೆ ಕೊರೆಯಿತು.

ಪುಡಿ ಮಾಡಬೇಡ ಮಾರಾಯ. ಅಪ್ಪನ ಆ ಕ್ಯಾಪೆಸಿಟಾಬೀನ್ ಜ್ವರದ ಮಾತ್ರೆಯಲ್ಲ, ಕ್ಯಾನ್ಸರಿನ ಕೀಮೋ. ಬೆಳೆಯುವ ಜೀವಕೋಶವನ್ನು ಕೊಲ್ಲುವುದೇ ಅದರ ಕೆಲಸ. ಅದು ಅಪ್ಪನದೋ ನಿನ್ನದೋ ಎಂದು ವಿಚಾರಿಸುವುದಿಲ್ಲ. ಪೇಪರಿನ ಮಡಿಕೆಯಲ್ಲಿಟ್ಟು ಲಟ್ಟಣಿಗೆ ಉರುಳಿಸಿದಾಗ ಏಳುವ ಸಣ್ಣ ಪುಡಿ ನಿನ್ನ ಮೂಗಿಗೂ ಹೋಗುತ್ತದೆ, ಆಮೇಲೆ ಅದೇ ಲಟ್ಟಣಿಗೆಯಲ್ಲಿ ಚಪಾತಿ ಲಟ್ಟಿಸುತ್ತೀರಿ. ಬಾಣಂತನಕ್ಕೆ ಬಂದಿರುವ ತಂಗಿ ಆ ಮಾತ್ರೆಯನ್ನು ಮುಟ್ಟಲೂ ಬಾರದು. ನುಂಗಲಾಗದಿದ್ದರೆ ಡಾಕ್ಟರಿಗೆ ಹೇಳು, ಬೇರೆ ದಾರಿ ಅವರೇ ನೋಡುತ್ತಾರೆ. ಅಲ್ಲಿಯವರೆಗೆ ಕೈಗವಸು ಹಾಕಿಕೋ, ಮಾತ್ರೆಯನ್ನು ಪಟ್ಟಿಯಿಂದ ನೇರ ಸಣ್ಣ ಬಟ್ಟಲಿಗೆ ಬೀಳಿಸು.

ಔಷಧಿ ಒಳಗೆ ಹೋಯಿತು, ಮುಗಿಯಿತು ಅಂದುಕೊಳ್ಳಬೇಡ. ಕೋರ್ಸ್ ನಡೆಯುವಷ್ಟು ದಿನ, ನಿಂತ ಮೇಲೂ 48 ಗಂಟೆ, ಅವರ ಮೂತ್ರ, ವಾಂತಿಯಲ್ಲಿ ಅದು ಇರುತ್ತದೆ. ಹಾಸಿಗೆಯಲ್ಲೇ ಕೊಡುವ ಬೆಡ್‌ಪ್ಯಾನ್ ಎತ್ತುವಾಗ ಕೈಗವಸು ಇರಲಿ, ಕಮೋಡಿನ ಮುಚ್ಚಳ ಹಾಕಿ ಎರಡು ಸಲ ಫ್ಲಶ್ ಮಾಡು, ಒದ್ದೆಯಾದ ಹಾಸಿಗೆ ಬಟ್ಟೆ ಬೇರೆಯೇ ಒಗೆ. ಇದನ್ನೆಲ್ಲ ಅಪ್ಪನ ಎದುರು ಮುಖ ಸಿಂಡರಿಸಿಕೊಂಡು ಮಾಡಬೇಡ, ಅಷ್ಟೆ. ಅವರಿಗೆ ಮೊದಲೇ ಸಂಕೋಚ.

ಇನ್ನು ಆ ಪ್ಯಾನ್ ತೊಳೆಯುವ ವಿಷಯ. ಅದರಲ್ಲಿ ನಾನು ಪೆಟ್ಟು ತಿಂದವನು. ಅಮ್ಮ ಸೊಂಟ ಮುರಿದುಕೊಂಡು ಮಲಗಿದ್ದಾಗ ಒಂದು ಮಧ್ಯಾಹ್ನ ಬಚ್ಚಲಲ್ಲಿ ಕುಕ್ಕರಗಾಲಲ್ಲಿ ಕೂತು ಪ್ಯಾನ್ ಉಜ್ಜುತ್ತಿದ್ದೆ. ಆಸಿಡ್ ಇರುವ ಟಾಯ್ಲೆಟ್ ಕ್ಲೀನರ್ ಸುರಿದೆ, ವಾಸನೆ ಹೋಗಲಿಲ್ಲ. ಗಾಡಿಯವನ ಹತ್ತಿರ ತೆಗೆದುಕೊಂಡಿದ್ದ, ಹಳೆಯ ನೀರಿನ ಬಾಟಲಿಯಲ್ಲಿದ್ದ ಬ್ಲೀಚನ್ನೂ ಮೇಲೆ ಸುರಿದೆ. ಬುಸ್ಸೆಂದು ನೊರೆ ಬಂತು, ಕಣ್ಣು ಉರಿಯಿತು, ಗಂಟಲಿಗೆ ಯಾರೋ ಕೈ ಹಾಕಿದಂತಾಯಿತು. ಕ್ಲೋರಿನ್. 1915ರಲ್ಲಿ ಬೆಲ್ಜಿಯಂನ ಈಪ್ರದಲ್ಲಿ ಸೈನಿಕರ ಮೇಲೆ ಬಿಟ್ಟ ಅದೇ ಅನಿಲ. ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ, ನೆಲದ ಹತ್ತಿರ ಇಳಿಯುತ್ತದೆ. ನನ್ನ ಮೂಗು ಇದ್ದದ್ದೂ ಸರಿಯಾಗಿ ಅಲ್ಲೇ. ಹೊರಗೋಡಿ ಬಂದೆ. ಕೆಮ್ಮು ಬಿಡಲು ಮೂರು ದಿನ ಬೇಕಾಯಿತು. "ಏನು ಕಲಸಿದ್ರಿ?" ಅಂತ ಡಾಕ್ಟರು ಕೇಳಿದರೆ ಹೇಳಲು ಬಾಟಲಿ ಮೇಲೆ ಹೆಸರೇ ಇರಲಿಲ್ಲ.

ಆಸಿಡ್ ಇಲ್ಲದಿದ್ದರೂ ಸುಮ್ಮನಾಗಬೇಡ. ಮೂತ್ರ ನಿಂತ ಪ್ಯಾನಿಗೆ ನೇರ ಬ್ಲೀಚ್ ಸುರಿದರೆ ಅದರಲ್ಲಿರುವ ಅಮೋನಿಯಾ ಸೇರಿ ಕ್ಲೋರಮೀನ್ ಅನ್ನುವ ಇನ್ನೊಂದು ಕೆಟ್ಟ ಅನಿಲ ಏಳುತ್ತದೆ. ಮೊದಲು ಚೆಲ್ಲು, ನೀರು ಹಾಕಿ ಸೋಪಿನಿಂದ ತೊಳೆ, ಆಮೇಲೆ ಬ್ಲೀಚ್. ಬಾಟಲಿಯಲ್ಲಿ 5 ಶೇಕಡಾ ಎಂದಿದ್ದರೆ ಒಂದು ಲೋಟಕ್ಕೆ ನಾಲ್ಕು ಲೋಟ ತಣ್ಣೀರು ಸೇರಿಸಿದರೆ 1 ಶೇಕಡಾ ಆಗುತ್ತದೆ. ಬಿಸಿನೀರು ಬೇಡ. ದಿನದ್ದು ದಿನ ಕಲಸು, ಬಾಗಿಲು ತೆರೆದಿಡು. ಹೆಸರಿಲ್ಲದ ಬಾಟಲಿಗಳನ್ನು ಇವತ್ತೇ ಆಚೆ ಹಾಕು, ಅದರಲ್ಲೂ ಹಾಸಿಗೆ ಪಕ್ಕ ನೀರಿನ ಬಾಟಲಿಯಂತೆ ಕಾಣುವ ಆ ಫಿನಾಯಿಲ್. ಅಪ್ಪನಿಗೆ ಕಣ್ಣು ಮಂಜು, ರಾತ್ರಿ ಬಾಯಾರಿಕೆ.

ಆಕ್ಸಿಜನ್ ಮೆಷಿನ್ ತರುವ ಮಾತಿದೆ ಎಂದೆ. ಬಂದರೆ ದೇವರ ದೀಪ, ಊದುಬತ್ತಿ ಆ ಕೋಣೆಯಲ್ಲಿ ಬೇಡ. ಅತ್ತೆ ಗಲಾಟೆ ಮಾಡಿದರೆ ನನಗೆ ಫೋನ್ ಕೊಡು. ತುಟಿ ಒಣಗಿತೆಂದು ವ್ಯಾಸಲೀನ್ ಸವರಬೇಡ, ಆಕ್ಸಿಜನ್ ಇದ್ದಲ್ಲಿ ಆ ಜಿಡ್ಡಿಗೂ ಬೆಂಕಿಯ ಭಯ, ನೀರಿನಂಶದ ಜೆಲ್ ತಗೋ. ಇನ್ಸುಲಿನ್ ಸೂಜಿಗೆ ಗಟ್ಟಿ ಡಬ್ಬಿ. ಕಸದ ಚೀಲ ಎತ್ತುವ ಪೌರಕಾರ್ಮಿಕರ ಕೈಗೂ ಚರ್ಮ ಇದೆಯಲ್ಲ.

ಶನಿವಾರ ಬೆಳಗಿನ ಬಸ್ಸಿಗೆ ಬರ್ತೀನಿ. ಕೈಗವಸಿನ ಡಬ್ಬಿ, ಒಂದು ಮಾರ್ಕರ್ ಪೆನ್ನು ತರ್ತೀನಿ. ಕೈಗವಸು ಯಾವ ಸೈಜ್ ಹೇಳು, ನಿನ್ನ ಆ ಕಬಡ್ಡಿ ಕೈಗೆ ಮೀಡಿಯಂ ಹರಿದೇ ಹೋದೀತು.

ನಿನ್ನವ