ಮೊದಲ ವಿಸಿ ಕಟ್ಟಿದ ಕಥೆ ದಾಖಲಾಗಲಿ

ಸಂಪಾದಕರೇ, ಊರಿನವರ ಇತಿಹಾಸ ಎಲ್ಲಾ ಬರೆಯೋ ನಮ್ಮ ಯೂನಿವರ್ಸಿಟಿಗಳು ತಮ್ಮನ್ನ ಕಟ್ಟಿದವರ ಇತಿಹಾಸಾನೇ ಮರೀತಿವೆ ಅನ್ಸುತ್ತೆ. 2022ರಲ್ಲಿ ತೀರಿಕೊಂಡ ಪ್ರೊ. ಬಿ. ಶೇಖ್ ಅಲಿ ಅಂದ್ರೆ ಹೈದರ್, ಟಿಪ್ಪು ಬಗ್ಗೆ ಬರೆದವರು ಅಂತಷ್ಟೇ ಜನಕ್ಕೆ ಗೊತ್ತು (ಜಗಳ ಆಡೋಕೂ ಅದೇ ಬೇಕು ಬಿಡಿ). ಆದ್ರೆ ಮೈಸೂರಲ್ಲಿ ಇತಿಹಾಸ ಪಾಠ ಮಾಡ್ತಿದ್ದ ಮೇಷ್ಟ್ರು 1980ರಲ್ಲಿ ಮಂಗಳೂರು ವಿವಿಗೆ ಮೊದಲ ವಿಸಿ (ಕುಲಪತಿ), ಆಮೇಲೆ 1985ರಲ್ಲಿ ಗೋವಾ ವಿವಿಗೂ ಅವರೇ ಮೊದಲ ವಿಸಿ, ಒಬ್ಬರೇ ಎರಡು ರಾಜ್ಯದಲ್ಲಿ ಎರಡು ವಿವಿ ಶುರು ಮಾಡೋದು ಸಣ್ಣ ಮಾತಲ್ಲ. 1980ರವರೆಗೂ ಮಂಗಳೂರು ವಿವಿ ಈಗಿರೋ ಕೊಣಾಜೆಯಲ್ಲಿ ಇದ್ದಿದ್ದು ಮೈಸೂರು ವಿವಿಯ ಪಿಜಿ ಸೆಂಟರ್, ಕರಾವಳಿ ಹುಡುಗರ ಡಿಗ್ರಿ ಮಾರ್ಕ್ಸ್ ಕಾರ್ಡು ಬರ್ತಿದ್ದಿದ್ದೂ ಮೈಸೂರಿಂದಲೇ.

ಅಂಥ ಕಾಲದಲ್ಲಿ ಹೊಸ ಆಫೀಸು, ಪರೀಕ್ಷೆ ವಿಭಾಗ ಎಲ್ಲಾ ಹೇಗೆ ಎದ್ದು ನಿಂತವು ಅನ್ನೋದು ಗೆಜೆಟ್ ನೋಡಿದ್ರೆ ಗೊತ್ತಾಗಲ್ಲ, ಆಗ ಕೆಲಸ ಮಾಡಿದ ಗುಮಾಸ್ತರು, ಅಟೆಂಡರ್‌ಗಳು, ಮೊದಲ ಬ್ಯಾಚಿನ ವಿದ್ಯಾರ್ಥಿಗಳು ಹೇಳಬೇಕು, ಅವರಿಗೂ ಈಗ ವಯಸ್ಸಾಗಿದೆ. ಇತಿಹಾಸ ವಿಭಾಗದ ಎಂಎ ಮಕ್ಕಳಿಗೆ ಇದನ್ನೇ ಪ್ರಾಜೆಕ್ಟ್ ಆಗಿ ಕೊಟ್ಟು, ಆ ಹಳಬರ ಮಾತು ರೆಕಾರ್ಡ್ ಮಾಡಿಸಿ ವಿವಿ ಲೈಬ್ರರಿಯಲ್ಲಿ ಎಲ್ಲರಿಗೂ ಸಿಗೋ ಹಾಗೆ ಇಡಲಿ.

- ಒಬ್ಬ ಓದುಗ, ಮಂಗಳೂರು